ನಮ್ಮ ಫಾಟಕ ಮುಚ್ಚುವ ಮೊದಲು ಅದರ ಕಥೆ ಬರೆದಿಡೋಣ, ಬರ್ರಿ

ಫಾಟಕದಾಚೆ:

ಎಲ್ಲರಿಗೂ ಶರಣು.

ನಿನ್ನೆ ಸಂಜೆ ನಮ್ಮ ರೈಲ್ವೆ ಫಾಟಕದ ಹತ್ತಿರ ಇಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು. ಸುಣ್ಣದ ಗೆರೆ ಹಾಕಿ ಹೋದರು. ಆ ಗೆರೆ ಹಳೆ ಗೇಟ್ ಖೋಲಿಯ ಗೋಡೆಯಿಂದ ಶುರುವಾಗಿ, ಬೇವಿನ ಮರದ ಬುಡಕ್ಕೆ ತಾಗಿ, ಸಡಕಿನ ಆಚೆ ಚಹಾದ ಗೂಡಂಗಡಿ ತನಕ ಹೋಗಿದೆ. ಸೇತುವೆ ಬರುತ್ತದೆ ಅಂತ ಎಷ್ಟೋ ವರ್ಷದಿಂದ ಕೇಳುತ್ತಾ ಬಂದಿದ್ದೇವೆ. ಈ ಸಲ ಕೆಲಸ ಶುರುವಾಗುವ ಹಾಗೆ ಕಾಣುತ್ತದೆ. ಸೇತುವೆ ಆದ ಮೇಲೆ ಫಾಟಕ ಕಾಯಂ ಬಂದ್.

ಅದಕ್ಕೇ ಈ ಬರಹ. ಕಲಬುರಗಿಯ ಕೋಟೆ, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಇವುಗಳ ಬಗ್ಗೆ ಪುಸ್ತಕಗಳಿವೆ. ಫಾಟಕದ ಬಗ್ಗೆ ಯಾರು ಬರೆಯುತ್ತಾರೆ? ನಮ್ಮ ಓಣಿಯವರು ಕೋಟೆಗೆ ವರ್ಷಕ್ಕೊಮ್ಮೆ ಹೋದರೆ ಜಾಸ್ತಿ. ಫಾಟಕ ದಾಟುವುದು ದಿನಕ್ಕೆ ನಾಲ್ಕು ಸಲ.

ನನ್ನ ನೆನಪು ಮೊದಲು ಹೇಳುತ್ತೇನೆ. ನಮ್ಮವ್ವ ಪುಂಡಿಪಲ್ಯ, ಮೆಂತ್ಯೆ, ಸಬ್ಬಸಗಿ ಮಾರುತ್ತಿದ್ದಳು. ಬೆಳಗಿನ ಆರಕ್ಕೆ ಬುಟ್ಟಿ ಹೊತ್ತು ಹೊರಟರೆ ನಾನು ಹಿಂದೆ, ನನ್ನ ಹಿಂದೆ ತಂಗಿ. ಪಲ್ಯದ ಮೇಲೆ ಹಸಿ ಗೋಣಿತಟ್ಟು. ಅದರಿಂದ ನೀರು ಅವ್ವನ ಕಿವಿಯ ಹಿಂದೆ ಇಳಿದು ಕುಪ್ಪಸ ತೊಯ್ಯುತ್ತಿತ್ತು. ದೂರದಿಂದಲೇ ಯಾರಾದರೂ ಕೂಗುತ್ತಿದ್ದರು, "ಗೇಟ್ ಬಿದ್ದದ, ಬುಟ್ಟಿ ಇಳಸ್ರೆವ್ವಾ." ಎಲ್ಲ ಹೆಂಗಸರೂ ಬೇವಿನ ಮರದ ಕೆಳಗೆ ಬುಟ್ಟಿ ಇಳಿಸುತ್ತಿದ್ದರು. ಒಬ್ಬರ ಬುಟ್ಟಿ ಇನ್ನೊಬ್ಬರು ನೋಡುತ್ತಿದ್ದರು. ಯಾರ ಪಲ್ಯ ಎಳೆಯದು, ಯಾರದು ಬಲಿತದ್ದು, ಇವತ್ತು ಕಟ್ಟಿಗೆ ಎಷ್ಟು ಹೇಳಬೇಕು, ಎಲ್ಲ ಅಲ್ಲೇ ತೀರ್ಮಾನ. ಬಜಾರಿನ ದರ ಬಜಾರಿನಲ್ಲಿ ಆಗುತ್ತಿರಲಿಲ್ಲ, ಫಾಟಕದಲ್ಲಿ ಆಗುತ್ತಿತ್ತು.

ಆ ಗೇಟು ಯಾವಾಗಿಂದ ಇದೆ, ಅಲ್ಲಿ ಯಾರು ಕೆಲಸ ಮಾಡಿದರು, ಯಾವ ಗಾಡಿಗೆ ಎಷ್ಟು ಹೊತ್ತು ಕಾದಿರಿ, ನಿಮಗೆ ಗೊತ್ತಿದ್ದದ್ದು ಬರೆಯಿರಿ. ಸ್ಟೇಷನ್ನಿನ ಕಥೆಯೂ ಬರಲಿ. ಸ್ಟೇಷನ್ ಇಲ್ಲದೆ ಫಾಟಕ ಇಲ್ಲ ಅಲ್ವಾ. ಎಲ್ಲ ಕೂಡಿಸಿ ನಾನು ಒಂದು ವಹಿಯಲ್ಲಿ ಬರೆದಿಡುತ್ತೇನೆ.

ಸ್ಟೇಷನ್ ಬಜಾರ್:

ಅಕ್ಕಾ, ಒಳ್ಳೆ ಕೆಲಸ ಹಿಡಿದಿದ್ದೀರಿ. ಹಳಿಯ ಕಡೆಯಿಂದ ನಾನು ಶುರು ಮಾಡುತ್ತೇನೆ.

ನಮ್ಮ ಊರಿನ ಹಳಿ ಹಾಕಿದ್ದು ನಿಜಾಮರಲ್ಲ. ಬಹಳ ಜನ ಹಾಗೆ ತಿಳಿದಿದ್ದಾರೆ. ಹಾಕಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಅನ್ನುವ ಇಂಗ್ಲಿಷರ ಕಂಪನಿ. 1853ರಲ್ಲಿ ಬಾಂಬೆಯಿಂದ ಠಾಣೆಗೆ ದೇಶದ ಮೊದಲ ಪ್ಯಾಸೆಂಜರ್ ಗಾಡಿ ಓಡಿಸಿದವರು ಇವರೇ. ಅವರ ಹಳಿ 1860ರಲ್ಲಿ ಸೋಲಾಪುರ ಮುಟ್ಟಿತು. ಅಲ್ಲಿಂದ ನಮ್ಮ ಸೀಮೆ ದಾಟಿ 1871ರಲ್ಲಿ ರಾಯಚೂರಿಗೆ ಹೋಯಿತು. ಆ ಕಡೆಯಿಂದ ಮದ್ರಾಸ್ ರೈಲ್ವೆಯ ಹಳಿ ಬಂದು ರಾಯಚೂರಿನಲ್ಲಿ ಕೂಡಿತು. ಬಾಂಬೆ ಮತ್ತು ಮದ್ರಾಸನ್ನು ಕೂಡಿಸುವುದು ಅವರ ಗುರಿ. ಕಲಬುರಗಿ, ಶಹಾಬಾದ್, ಯಾದಗಿರಿ ನಡುವೆ ಸಿಕ್ಕ ಊರುಗಳು. ನೆಲ ನಿಜಾಮರದು, ಹಳಿ ಕಂಪನಿಯದು.

ನಿಜಾಮರ ಸ್ವಂತ ರೈಲು ಬಂದದ್ದು ಆಮೇಲೆ, 1874ರಲ್ಲಿ. ಅದು ವಾಡಿಯಿಂದ ಸಿಕಂದರಾಬಾದಿಗೆ. ಅದರ ಬಗ್ಗೆ ವಾಡಿಯವರು ಯಾರಾದರೂ ಬರೆದರೆ ಚೆಂದ.

ಸ್ಟೇಷನ್ ಆದ ಮೇಲೆ ಊರು ಅದರ ಕಡೆಗೆ ಬೆಳೆಯಿತು. ಹಳೆ ಊರು ಕೋಟೆ ಮತ್ತು ದರ್ಗಾದ ಸುತ್ತ ಇತ್ತು. 1880ರ ದಶಕದಲ್ಲಿ ಮೆಹಬೂಬ್ ಶಾಹಿ ಮಿಲ್ ಬಂತು. ಈಗಲೂ ಎಂಎಸ್‌ಕೆ ಮಿಲ್ ಅಂದರೆ ಸಣ್ಣ ಹುಡುಗರಿಗೂ ಗೊತ್ತು. ಅರಳೆ ಗಾಡಿಗೆ ಏರಿಸಬೇಕು, ಬಟ್ಟೆ ಗಾಡಿಗೆ ಏರಿಸಬೇಕು. ಅದಕ್ಕೆ ಹಮಾಲರು ಬೇಕು, ಟಾಂಗಾ ಬೇಕು, ಖಾನಾವಳಿ ಬೇಕು. ನಮ್ಮ ಮುತ್ತಜ್ಜ ಆ ಹಮಾಲರಲ್ಲಿ ಒಬ್ಬ. ನಾನು ಈಗ ಕೂತು ಬರೆಯುತ್ತಿರುವ ಮನೆ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ.

ಒಂದು ಮಾತು ವಹಿಯಲ್ಲಿ ಬರಲೇಬೇಕು. ಸ್ಟೇಷನ್ ಬೋರ್ಡಿನಲ್ಲಿ ಬಹಳ ಕಾಲ "ಗುಲಬರ್ಗಾ" ಅಂತಿತ್ತು, ಟಿಕೆಟಿನಲ್ಲಿ ಕೋಡ್ "ಜಿಆರ್". 2014ರ ನವೆಂಬರ್ 1ರಂದು ಊರಿನ ಹೆಸರು ಸರ್ಕಾರಿ ಲೆಕ್ಕದಲ್ಲಿ ಕಲಬುರಗಿ ಆಯಿತು. ಆಮೇಲೆ ಬೋರ್ಡೂ ಬದಲಾಯಿತು, ಕೋಡ್ "ಕೆಎಲ್‌ಬಿಜಿ" ಆಯಿತು. ನಮ್ಮಜ್ಜಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಆಕೆ ಹುಟ್ಟಿದಾಗಿನಿಂದ ಕಲಬುರ್ಗಿ ಅಂತಲೇ ಅನ್ನುತ್ತಿದ್ದಳು.

ಫಾಟಕದಾಚೆ:

ಅಣ್ಣಾ, ಓದಿ ಬಹಳ ಖುಷಿಯಾಯಿತು. ಒಂದು ವಿಚಾರ ತಲೆಗೆ ಬಂತು. ಹಳಿ 1871ರ ಹೊತ್ತಿನದು ಅಂದರೆ, ನಮ್ಮ ಸಡಕು ಅದಕ್ಕಿಂತ ಹಳೆಯದು. ಹಳ್ಳಿಯಿಂದ ಊರಿನ ಸಂತೆಗೆ ಬರುವ ಬಂಡಿದಾರಿ ಅದು. ಮಧ್ಯದಲ್ಲಿ ಹಳಿ ಬಂದು ಅಡ್ಡ ಮಲಗಿತು. ಅಂದಮೇಲೆ ಫಾಟಕ ಅನ್ನುವುದು ರೈಲ್ವೆ ನಮಗೆ ಕೊಟ್ಟ ಸೌಲಭ್ಯ ಅಲ್ಲ. ನಮ್ಮ ದಾರಿಯಲ್ಲಿ ನಮಗೆ ಉಳಿದ ಬಾಗಿಲು ಅದು. ಈ ಮಾತು ವಹಿಯ ಮೊದಲ ಪುಟದಲ್ಲಿ ಬರೆಯುತ್ತೇನೆ.

ವಾಡಿ ಜಂಕ್ಷನ್:

ಕರೆದಿರಿ, ಬಂದೆ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ್ಸ್ ಸ್ಟೇಟ್ ರೈಲ್ವೆ ಶುರುವಾಯಿತು. ಆಗ ದಿವಾನರು ಒಂದನೇ ಸಾಲಾರ್ ಜಂಗ್. ನಿಜಾಮ ಮೆಹಬೂಬ್ ಅಲಿ ಖಾನ್ ಇನ್ನೂ ಸಣ್ಣ ಹುಡುಗ, ಎಂಟು ವರ್ಷ. ಹೈದರಾಬಾದ್ ಜನ ಬಾಂಬೆಗೆ ಹೋಗಬೇಕಾದರೆ ವಾಡಿಗೆ ಬಂದು ಗಾಡಿ ಬದಲಿಸಬೇಕು. ನಮ್ಮ ಊರು ಹುಟ್ಟಿದ್ದೇ ಗಾಡಿ ಬದಲಿಸುವುದಕ್ಕೆ.

ನಿಮ್ಮ ಫಾಟಕ ಅಷ್ಟು ಹೊತ್ತು ಬಿದ್ದಿರಲು ನಮ್ಮ ಕಡೆಯ ಮಾಲ್ ಗಾಡಿಗಳೂ ಕಾರಣ. ಇಲ್ಲಿ ನೆಲದ ಕೆಳಗೆ ಎಲ್ಲ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಅಂತ ದೇಶವೆಲ್ಲ ಹೆಸರು. ಪದರ ಪದರವಾಗಿ ಏಳುತ್ತದೆ, ನೆಲಕ್ಕೆ ಹಾಸುತ್ತಾರೆ. ಆ ಕಲ್ಲಿನಿಂದಲೇ ಸಿಮೆಂಟ್ ಕಾರ್ಖಾನೆಗಳು ಬಂದವು, ಮೊದಲು ಶಹಾಬಾದಿಗೆ, 1960ರ ದಶಕದಲ್ಲಿ ವಾಡಿಗೆ. ಸಿಮೆಂಟ್ ಹೊರಗೆ ಹೋಗಬೇಕು, ಕಲ್ಲಿದ್ದಲು ಒಳಗೆ ಬರಬೇಕು. ಒಂದು ಮಾಲ್ ಗಾಡಿ ಸುಮಾರು 700 ಮೀಟರ್ ಉದ್ದ. ತಾಸಿಗೆ 30 ಕಿಲೋಮೀಟರ್ ವೇಗದಲ್ಲಿ ಬಂದರೆ ನಿಮ್ಮ ಮುಂದೆ ಹಾದು ಹೋಗಲಿಕ್ಕೇ ಒಂದೂವರೆ ನಿಮಿಷ ಹತ್ತಿರ ಬೇಕು.

ನಮ್ಮ ಮೂರು ಜಿಲ್ಲೆಯ ರೈಲಿನ ಪಾಡು ನೋಡಿ. ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗ, ಮಧ್ಯ ರೈಲ್ವೆಯ ಮುಖ್ಯ ಕಚೇರಿ ಮುಂಬೈ. ಬೀದರ್ ಸಿಕಂದರಾಬಾದ್ ವಿಭಾಗ. ಯಾದಗಿರಿ ಬಹಳ ಕಾಲ ಗುಂತಕಲ್ ವಿಭಾಗದಲ್ಲಿತ್ತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಆದಾಗ ಸೋಲಾಪುರ ವಿಭಾಗವನ್ನು ಅದಕ್ಕೆ ಸೇರಿಸಿದರು. 1977ರಲ್ಲಿ ಮತ್ತೆ ಮಧ್ಯ ರೈಲ್ವೆಗೆ ಕೊಟ್ಟರು. 2003ರಲ್ಲಿ ಹುಬ್ಬಳ್ಳಿಗೆ ನೈಋತ್ಯ ರೈಲ್ವೆ ಬಂದಾಗಲೂ ನಾವು ಹೊರಗೇ ಉಳಿದೆವು. 2014ರಲ್ಲಿ ಕಲಬುರಗಿಗೇ ಒಂದು ವಿಭಾಗ ಅಂತ ಘೋಷಣೆಯಾಗಿ ಅಡಿಗಲ್ಲೂ ಬಿತ್ತು. ಒಂದು ಫಾಟಕಕ್ಕೆ ಅರ್ಜಿ ಕೊಡಬೇಕಾದರೆ ಯಾವ ಊರಿಗೆ ಹೋಗಬೇಕು ಅನ್ನುವುದೇ ನಮ್ಮ ಜನಕ್ಕೆ ದೊಡ್ಡ ಪ್ರಶ್ನೆ.

ಹಸಿರು ಝಂಡಾ:

ಎಲ್ಲರಿಗೂ ನಮಸ್ಕಾರ. ನಾನು ಹೇಳುತ್ತೇನೆ, ಮೊಮ್ಮಗ ಟೈಪ್ ಮಾಡುತ್ತಾನೆ. ರೈಲ್ವೆಯಲ್ಲಿ 31 ವರ್ಷ ಇದ್ದೆ. ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಸೇರಿ, ಕೊನೆಯ 14 ವರ್ಷ ಗೇಟ್‌ಮನ್. ನೀವು ಹೇಳುವ ಗೇಟಿನಲ್ಲೂ ಇದ್ದೆ. ಆ ಬೇವಿನ ಮರಕ್ಕೆ ನಾನೂ ನೀರು ಹಾಕಿದ್ದೇನೆ ತಂಗಿ.

ಜನ ಅನ್ನುತ್ತಿದ್ದರು, "ಗಾಡಿ ಕಾಣಸ್ತಿಲ್ಲ, ಸುಮ್ನೆ ಗೇಟ್ ಹಾಕ್ಯಾನ." ಅದಕ್ಕೆ ಉತ್ತರ ಆಗ ಕೊಡಲು ಟೈಮ್ ಇರಲಿಲ್ಲ. ಈಗ ಕೊಡುತ್ತೇನೆ.

ಮೊದಲು ಸ್ಟೇಷನ್ ಮಾಸ್ತರ್ ಫೋನ್ ಮಾಡುತ್ತಾರೆ. ಇಂಥಾ ಗಾಡಿ ಇಂಥಾ ಕಡೆಯಿಂದ ಬರುತ್ತಿದೆ, ಗೇಟ್ ಹಾಕು ಅನ್ನುತ್ತಾರೆ. ನಾನು ವಹಿಯಲ್ಲಿ ಟೈಮ್ ಬರೆಯಬೇಕು. ಹೊರಗೆ ಬಂದು ಎರಡೂ ಕಡೆ ನೋಡಬೇಕು. ಹ್ಯಾಂಡಲ್ ತಿರುಗಿಸಿದರೆ ಗಂಟೆ ಬಾರಿಸುತ್ತಾ ಎರಡು ಕಂಬ ಇಳಿಯುತ್ತವೆ. ಬೇಸಿಗೆಯಲ್ಲಿ ಆ ಹ್ಯಾಂಡಲ್ ಮುಟ್ಟಲು ಆಗುತ್ತಿರಲಿಲ್ಲ. ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಹಳೆ ಧೋತರದ ಅರಿವೆ ಸುತ್ತಿ ಹಿಡಿಯುತ್ತಿದ್ದೆ. ಕಂಬ ಪೂರ್ತಿ ಇಳಿದು ಬೀಗ ಬಿದ್ದ ಮೇಲೆ ಮಾತ್ರ ಚಾವಿ ಹೊರಗೆ ಬರುತ್ತದೆ. ಆ ಚಾವಿ ಖೋಲಿಯ ಒಳಗಿನ ಪೆಟ್ಟಿಗೆಗೆ ಹಾಕಿ ತಿರುಗಿಸಬೇಕು. ಆಮೇಲೆ ಮಾಸ್ತರಿಗೆ ಒಂದು ಪ್ರೈವೇಟ್ ನಂಬರ್ ಕೊಡಬೇಕು. ಅದು ಒಂದು ಹಾಳೆಯಲ್ಲಿ ಸಾಲಾಗಿ ಬರೆದಿರುತ್ತದೆ. ಒಂದು ಸಲ ಕೊಟ್ಟ ನಂಬರ್ ಹೊಡೆದು ಹಾಕಬೇಕು, ಮತ್ತೆ ಕೊಡುವಂತಿಲ್ಲ. ಇಷ್ಟಾದ ಮೇಲೇ ಗಾಡಿಗೆ ಸಿಗ್ನಲ್ ಬೀಳುತ್ತದೆ. ಹಿಂದೆ ಕೈಮರ ಇತ್ತು, ಈಗ ಬಣ್ಣದ ದೀಪ.

ಗೇಟ್ ತೆರೆದಿದ್ದರೆ ಸಿಗ್ನಲ್ ಹಸಿರಾಗುವುದಿಲ್ಲ. ಸಿಗ್ನಲ್ ಹಸಿರಾಗದಿದ್ದರೆ ಗಾಡಿ ದೂರದಲ್ಲೇ ವೇಗ ಇಳಿಸಬೇಕು. ತಾಸಿಗೆ 110 ಕಿಲೋಮೀಟರ್ ಓಡುವ ಗಾಡಿ ಒಂದು ನಿಮಿಷಕ್ಕೆ ಸುಮಾರು 1.8 ಕಿಲೋಮೀಟರ್ ಬರುತ್ತದೆ. ಬ್ರೇಕ್ ಹಾಕಿದ ತಕ್ಷಣ ನಿಲ್ಲುವ ವಸ್ತು ಅಲ್ಲ ಅದು. ಅದಕ್ಕೇ ಅದು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಮೊದಲೇ ಗೇಟ್ ಹಾಕಬೇಕು. ಜನಕ್ಕೆ ಕಾಣದ ಗಾಡಿಗೆ ನಾನು ಗೇಟ್ ಹಾಕುತ್ತಿದ್ದೆ. ಫೋನಿನಲ್ಲಿ ಅದು ನನಗೆ ಕಾಣುತ್ತಿತ್ತು.

ಒಂದು ಸಲದ ಮಾತು. ಆಗ ಈ ಕಡೆ ಒಂದೇ ಹಳಿ. ಸುಗ್ಗಿಯ ಕಾಲ. ತೊಗರಿ ಚೀಲ ಹೇರಿದ ಬಂಡಿ ಹಳಿ ಮೇಲೆ ಬಂದು ಅಚ್ಚು ಮುರಿಯಿತು. ಗೇಟ್ ತೆರೆದೇ ಇದ್ದದ್ದರಿಂದ ಸಿಗ್ನಲ್ ಕೆಂಪು. ಆದರೂ ನಿಯಮ ನಿಯಮವೇ. ಮಾಸ್ತರಿಗೆ ಫೋನಿನಲ್ಲಿ ಹೇಳಿದೆ. ಗಾಡಿ ಬರಬೇಕಾದ ಕಡೆಗೆ ಕೆಂಪು ಝಂಡಾ ಹಿಡಿದು ಓಡಿದೆ. 600 ಮೀಟರಿಗೆ ಹಳಿ ಮೇಲೆ ಒಂದು ಪಟಾಕಿ ಕಟ್ಟಬೇಕು, 1200 ಮೀಟರಿಗೆ ಹತ್ತು ಹತ್ತು ಮೀಟರ್ ಬಿಟ್ಟು ಮೂರು. ಗಾಲಿ ಅದರ ಮೇಲೆ ಹಾದರೆ ಢಂ ಅನ್ನುತ್ತದೆ, ಡ್ರೈವರಿಗೆ ಗೊತ್ತಾಗುತ್ತದೆ. ಜಲ್ಲಿ ಕಲ್ಲಿನ ಮೇಲೆ ಓಡುವುದು ಅಂದರೆ ಪಾದ ಹೊರಳುತ್ತದೆ. ಮೂರನೇ ಪಟಾಕಿ ಕಟ್ಟಿ ತಿರುಗಿ ನೋಡಿದರೆ, ದೂರದಲ್ಲಿ ಜನ ಇರುವೆಗಳ ಹಾಗೆ ಬಂಡಿ ಸುತ್ತ ಮುತ್ತಿದ್ದರು. ಬಸ್ಸಿನವರು, ಸೈಕಲ್ಲಿನವರು, ಪಲ್ಯದ ಹೆಂಗಸರು, ಎಲ್ಲ ಕೂಡಿ ಚೀಲ ಇಳಿಸಿ, ಬಂಡಿ ಎತ್ತಿ ಈಚೆ ಇಟ್ಟಿದ್ದರು. ಗಾಡಿ ಸಿಗ್ನಲ್ ಹತ್ತಿರವೇ ನಿಂತಿತ್ತು. ನಾನು ಹಿಂದೆ ಬಂದು ಕೂತಾಗ ಒಬ್ಬಾಕೆ ತಂಬಿಗೆಯಲ್ಲಿ ನೀರು ಕೊಟ್ಟಳು. ಯಾರು ಅಂತ ಗೊತ್ತಿಲ್ಲ.

ಫಾಟಕದಾಚೆ:

ಕಾಕಾ, ನಿಮ್ಮ ಮೊಮ್ಮಗನಿಗೆ ನನ್ನ ಆಶೀರ್ವಾದ. ನೀವು ಬರೆದದ್ದು ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಈಗ ಎಪ್ಪತ್ತೆಂಟು. ಬಂಡಿ ಮುರಿದ ದಿನ ನೆನಪಿದೆ ಅಂದಳು. ನೀರು ಕೊಟ್ಟದ್ದು ಅವಳಲ್ಲ. ಆದರೆ ಚೀಲ ಇಳಿಸಿದವರಲ್ಲಿ ಇದ್ದಳಂತೆ. "ಆ ಗೇಟ್‌ಮನ್ ಸಿಟ್ಟಿನ ಮನಷ್ಯಾ, ಖರೇ, ಆದ್ರ ನಮ್ಮ ಬುಟ್ಟಿ ನೆರಳಿಗೆ ಇಡಸ್ತಿದ್ದ" ಅಂದಳು.

ದಾರಿ ಬಿಡಿ:

ಎಲ್ಲರೂ ಕ್ಷಮಿಸಬೇಕು. ನನಗೆ ಈ ಫಾಟಕದ ಮೇಲೆ ಪ್ರೀತಿ ಇಲ್ಲ.

ನಮ್ಮಕ್ಕನಿಗೆ ಹೆರಿಗೆ ನೋವು ಬಂದ ರಾತ್ರಿ ಆಟೋದಲ್ಲಿ ಕರೆದುಕೊಂಡು ಹೊರಟೆವು. ಗೇಟ್ ಬಿದ್ದಿತ್ತು. ಒಂದು ಮಾಲ್ ಗಾಡಿ ಹೋಯಿತು. ತೆರೆಯುತ್ತದೆ ಅಂದುಕೊಂಡರೆ ಎದುರು ಕಡೆಯಿಂದ ಇನ್ನೊಂದು. ಅಕ್ಕ ನನ್ನ ಮುಂಗೈ ಹಿಡಿದಿದ್ದಳು. ಅವಳ ಉಗುರಿನ ಗುರುತು ನಾಲ್ಕು ದಿನ ಇತ್ತು. ಗೇಟ್ ತೆರೆಯುವ ಮೊದಲೇ ಆಟೋದಲ್ಲೇ ಮಗು ಹುಟ್ಟಿತು. ಮರದ ಕೆಳಗೆ ಇದ್ದ ಇಬ್ಬರು ಹೆಂಗಸರು ಬಂದು ನೋಡಿಕೊಂಡರು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಉಳಿಯದೆ ಹೋಗಿದ್ದರೆ? ಆ ಇಪ್ಪತ್ತು ನಿಮಿಷ ನನಗೆ ಇನ್ನೂ ಕನಸಿನಲ್ಲಿ ಬರುತ್ತದೆ.

ಸೇತುವೆ ಬೇಕೇ ಬೇಕು. ನೀವು ಕಥೆ ಬರೆಯಿರಿ, ಆದರೆ ಸೇತುವೆ ಬೇಡ ಅನ್ನುವ ಹಾಗೆ ಬರೆಯಬೇಡಿ.

ಫಾಟಕದಾಚೆ:

ತಮ್ಮಾ, ಸೇತುವೆ ಬೇಡ ಅಂತ ನಾನು ಎಂದೂ ಅನ್ನುವುದಿಲ್ಲ. ನಿನ್ನ ಮಾತೂ ವಹಿಯಲ್ಲಿ ಬರುತ್ತದೆ, ನೀನು ಬರೆದ ಹಾಗೆಯೇ. ಆ ಮಗು ಈಗ ಎಷ್ಟನೇ ಇಯತ್ತೆ?

ದಾರಿ ಬಿಡಿ:

ಮೂರನೇ ಇಯತ್ತೆ ಅಕ್ಕಾ. ಓಣಿಯಲ್ಲಿ ಎಲ್ಲರೂ ಅವಳನ್ನು ಗೇಟವ್ವ ಅಂತ ಕರೆಯುತ್ತಾರೆ.

ಸಿವಿಲ್ ಹುಡುಗ:

ನಾನು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಸೇತುವೆ ಎಲ್ಲಿ ಬರಬೇಕು ಅಂತ ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವುದು ಇಲ್ಲಿ ಬಹಳ ಮುಖ್ಯ, ಅದಕ್ಕೆ ಬರೆಯುತ್ತಿದ್ದೇನೆ.

ರೈಲ್ವೆಯವರು ಟಿವಿಯು, ಅಂದರೆ ಟ್ರೇನ್ ವೆಹಿಕಲ್ ಯೂನಿಟ್, ಅಂತ ಒಂದು ಲೆಕ್ಕ ಇಟ್ಟಿದ್ದಾರೆ. ದಿನಕ್ಕೆ ಎಷ್ಟು ಗಾಡಿ ಹೋಗುತ್ತವೆ, ರಸ್ತೆಯಲ್ಲಿ ಎಷ್ಟು ವಾಹನ ದಾಟುತ್ತವೆ, ಎರಡನ್ನೂ ಗುಣಿಸುತ್ತಾರೆ. ಉದಾಹರಣೆಗೆ 60 ಗಾಡಿ, 2,000 ವಾಹನ ಅಂದರೆ 1,20,000. ಒಂದು ಲಕ್ಷ ದಾಟಿದರೆ ಮೇಲ್ಸೇತುವೆಗೆ ಅರ್ಹ, ಖರ್ಚು ರೈಲ್ವೆ ಮತ್ತು ರಾಜ್ಯ ಹಂಚಿಕೊಳ್ಳಬೇಕು. ಬಹಳ ಕಾಲ ನಡೆದು ಬಂದ ನಿಯಮ ಇದು. ಸೇತುವೆ ಆದ ಮೇಲೆ ಗೇಟ್ ಮುಚ್ಚಬೇಕು ಅನ್ನುವುದೂ ಅದರ ಜೊತೆಗೇ ಬರುತ್ತದೆ.

ಕಾವಲು ಇಲ್ಲದ ಗೇಟುಗಳದು ಬೇರೆ ಕಥೆ. ಹಿಂದೆ ಹಳ್ಳಿ ಕಡೆ ಎಷ್ಟೋ ಇದ್ದವು. ಕಂಬ ಇಲ್ಲ, ಮನುಷ್ಯ ಇಲ್ಲ. ಬಸ್ ನಿಲ್ಲಿಸಿ ಕಂಡಕ್ಟರ್ ಇಳಿದು ಹಳಿ ತನಕ ನಡೆದು, ಎರಡೂ ಕಡೆ ನೋಡಿ, ಕೈ ಬೀಸಬೇಕಿತ್ತು. ಮೋಟಾರು ವಾಹನ ಕಾಯ್ದೆಯಲ್ಲೇ ಹಾಗೆ ಬರೆದಿದೆ. ಬಹಳ ಜೀವ ಹೋದ ಮೇಲೆ, 2019ರ ಜನವರಿ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಹಳಿಯ ಮೇಲಿನ ಅಂಥ ಗೇಟುಗಳನ್ನೆಲ್ಲ ತೆಗೆದರು. ಅದು ಒಳ್ಳೆಯದೇ ಆಯಿತು.

ನನಗೆ ತರಗತಿಯಲ್ಲಿ ಚುಚ್ಚಿದ್ದು ಒಂದೇ. ಆ ಟಿವಿಯು ಲೆಕ್ಕದಲ್ಲಿ ಲಾರಿ ಇದೆ, ಕಾರು ಇದೆ, ಬಂಡಿ ಇದೆ, ರಿಕ್ಷಾ ಇದೆ. ನಡೆದು ದಾಟುವವರು ಇಲ್ಲ. ಪಲ್ಯದ ಬುಟ್ಟಿ ಹೊತ್ತವರಿಗೆ ಅದರಲ್ಲಿ ಯೂನಿಟ್ ಇಲ್ಲ.

ಫಾಟಕದಾಚೆ:

ಈ ಕೊನೆಯ ಸಾಲು ಮೂರು ಸಲ ಓದಿದೆ.

ನಮ್ಮವ್ವ ನಲವತ್ತು ವರ್ಷ ಆ ಫಾಟಕ ದಾಟಿದ್ದಾಳೆ. ಒಂದು ದಿನವೂ ಲೆಕ್ಕಕ್ಕೆ ಬರಲಿಲ್ಲ ಅಂದ ಹಾಗಾಯಿತು. ಸುಣ್ಣದ ಗೆರೆ ನೋಡಿದಾಗಿನಿಂದ ನನಗೆ ಏನೋ ಸಂಕಟ ಇತ್ತು, ಏನು ಅಂತ ತಿಳಿದಿರಲಿಲ್ಲ. ಇದೇ ಅದು. ಸೇತುವೆ ವಾಹನಕ್ಕೆ. ಗೇಟ್ ಮುಚ್ಚುವುದು ಎಲ್ಲರಿಗೆ.

ತೊಗರಿ ಹೊಲ:

ಅಕ್ಕಾರ, ನಾವು ಫಾಟಕದ ಆಚೆಯ ಹಳ್ಳಿಯವರು. ನಮ್ಮ ಹೊಲ ಹಳಿಯ ಎರಡೂ ಕಡೆ ಇದೆ. ಅಜ್ಜನ ಕಾಲದಲ್ಲಿ ಒಂದೇ ತುಂಡು ಇತ್ತೋ ಏನೋ, ನಾನು ಹುಟ್ಟುವಾಗಲೇ ಎರಡು.

ಮೇಲ್ಸೇತುವೆ ಅಂದರೆ ಎತ್ತಿನ ಬಂಡಿಗೆ ಏರು. ಅದನ್ನು ಹೇಗೋ ಹತ್ತಿಸುತ್ತೇವೆ. ನನ್ನ ಹೆದರಿಕೆ ಕೆಳಸೇತುವೆಯದು. ಪಕ್ಕದೂರಿನಲ್ಲಿ ಒಂದು ಗೇಟ್ ಮುಚ್ಚಿ ಹಳಿಯ ಕೆಳಗೆ ಕಾಂಕ್ರೀಟ್ ಪೆಟ್ಟಿಗೆ ಕೂಡಿಸಿದರು. ನಮ್ಮದು ಎರೆ ಮಣ್ಣು. ಎರೆ ನೀರು ಕುಡಿಯುತ್ತದೆ, ಬಿಡುವುದಿಲ್ಲ. ಮಳೆಗಾಲದಲ್ಲಿ ಆ ಪೆಟ್ಟಿಗೆಯೊಳಗೆ ಮೊಣಕಾಲ ತನಕ ನೀರು ನಿಲ್ಲುತ್ತದೆ. ನೀರು ಇಳಿದ ಮೇಲೆ ಕೆಸರು. ಚಪ್ಪಲಿ ಕೈಯಲ್ಲಿ ಹಿಡಿದು ಹೋಗಬೇಕು. ಸಾಲಿಗೆ ಹೋಗುವ ಹುಡುಗಿಯರು ಸಮವಸ್ತ್ರ ಎತ್ತಿ ಹಿಡಿದು ಗೋಡೆಗೆ ಅಂಟಿಕೊಂಡು ನಡೆಯುತ್ತಾರೆ. ಅದನ್ನು ನೋಡಲು ಆಗುವುದಿಲ್ಲ.

ಇನ್ನೊಂದು ಎತ್ತರ. ಜೋಳದ ಕಣಿಕಿ ಹೇರಿದ ಟ್ರ್ಯಾಕ್ಟರ್ ಆ ಪೆಟ್ಟಿಗೆಯೊಳಗೆ ಹಿಡಿಯುವುದಿಲ್ಲ. ಮೇಲಿನ ಅರ್ಧ ಇಳಿಸಿ, ಆಚೆ ಹೋಗಿ, ಮತ್ತೆ ಹೇರಬೇಕು. ಒಂದು ಖೇಪಿಗೆ ಎರಡು ಖೇಪು. ಅಳತೆ ತೆಗೆಯುವವರು ಸುಗ್ಗಿಯಲ್ಲಿ ಬಂದು ನಮ್ಮ ಟ್ರ್ಯಾಕ್ಟರ್ ಅಳೆಯಬೇಕು. ಖಾಲಿ ಟ್ರ್ಯಾಕ್ಟರ್ ಅಲ್ಲ, ಹೇರಿದ್ದು.

ಬೀದರ್ ಪ್ಯಾಸೆಂಜರ್:

ತೊಗರಿ ಹೊಲದವರು ಹೇಳಿದ್ದು ನಮ್ಮ ಕಡೆಯೂ ನಿಜ.

ಕಲಬುರಗಿ–ಬೀದರ್ ಹಳಿ 110 ಕಿಲೋಮೀಟರ್. 2017ರ ಅಕ್ಟೋಬರ್ 29ರಂದು ಉದ್ಘಾಟನೆ ಆಯಿತು. ಅದಕ್ಕೂ ಮೊದಲು ಬೀದರ್‌ನಿಂದ ಕಲಬುರಗಿಗೆ ರೈಲಿನಲ್ಲಿ ಬರಬೇಕಾದರೆ ವಿಕಾರಾಬಾದ್, ತಾಂಡೂರು, ಸೇಡಂ, ಚಿತ್ತಾಪುರ, ವಾಡಿ ಅಂತ ಸುತ್ತು ಹೊಡೆಯಬೇಕಿತ್ತು. ಯಾರೂ ಬರುತ್ತಿರಲಿಲ್ಲ, ಎಲ್ಲ ಬಸ್ಸೇ. ಈಗ ಹುಮನಾಬಾದ್, ಕಮಲಾಪುರ ದಾಟಿ ನೇರ ಬರುತ್ತೇವೆ. ನಮ್ಮಪ್ಪ ಹೊಸ ಹಳಿಯ ಮೇಲೆ ಮೊದಲ ಸಲ ಬಂದಾಗ ಕಿಟಕಿ ಬಿಟ್ಟು ಏಳಲಿಲ್ಲ. ಮರಗುತ್ತಿ ಹತ್ತಿರ ಸುರಂಗ ಬಂದಾಗ ಡಬ್ಬಿಯಲ್ಲಿದ್ದ ಮಕ್ಕಳೆಲ್ಲ ಕೂಗಿದರು. ಅಪ್ಪನೂ ಕೂಗಿದರು.

ಹೊಸ ಹಳಿಯಲ್ಲಿ ಫಾಟಕ ಇಡಬಾರದು ಅನ್ನುವುದು ರೈಲ್ವೆಯ ಈಗಿನ ನಿಲುವು. ರಸ್ತೆ ಒಂದೋ ಮೇಲೆ, ಇಲ್ಲ ಕೆಳಗೆ. ಜೀವದ ಲೆಕ್ಕದಲ್ಲಿ ಅದು ಸರಿ. ಆದರೆ ಕೆಳಗೆ ಹೋಗುವ ಕಡೆ ನೀರು ಹೊರಗೆ ಹರಿಯುವ ಕಾಲುವೆ ಮೊದಲೇ ತೋಡಬೇಕು. ಮೇಲೆ ಹೋಗುವ ಕಡೆ ನಡೆಯುವವರಿಗೆ ಮೆಟ್ಟಿಲು ಬೇಕು. ಕೆಲಸ ಮುಗಿದು ಗುತ್ತಿಗೆದಾರ ಹೋದ ಮೇಲೆ ಕೇಳಿದರೆ ಸಿಗುವುದಿಲ್ಲ. ನಕ್ಷೆ ಕಾಗದದ ಮೇಲೆ ಇರುವಾಗಲೇ ಕೇಳಬೇಕು.

ಹಸಿರು ಝಂಡಾ:

ಇದಕ್ಕೆ ನಾನೂ ಒಂದು ಮಾತು ಸೇರಿಸುತ್ತೇನೆ. ಗೇಟ್ ಮುಚ್ಚಿದ ಕಡೆ ಜನ ಏನು ಮಾಡುತ್ತಾರೆ ಅಂತ ನಾನು ನೋಡಿದ್ದೇನೆ. ಸೇತುವೆ ಹತ್ತಿ ಇಳಿಯಲು ಅರ್ಧ ತಾಸು. ಹಳಿ ದಾಟಲು ಅರ್ಧ ನಿಮಿಷ. ಗೋಡೆ ಕಟ್ಟಿದರೆ ಗೋಡೆಯಲ್ಲಿ ಕಂಡಿ ಮಾಡುತ್ತಾರೆ. ಆ ಕಂಡಿಯಲ್ಲಿ ತೂರಿ ಹಳಿ ದಾಟುತ್ತಾರೆ. ಗೇಟ್ ಇದ್ದಾಗ ಅವರು ದಾಟುವುದು ಹಕ್ಕು. ಗೇಟ್ ಹೋದ ಮರುದಿನ ಅದೇ ಜಾಗದಲ್ಲಿ ದಾಟಿದರೆ ಅದು ಅಪರಾಧ. ರೈಲ್ವೆ ಕಾಯ್ದೆಯ 147ನೇ ಕಲಂ, ಸಾವಿರ ರೂಪಾಯಿ ತನಕ ದಂಡ, ಆರು ತಿಂಗಳ ತನಕ ಜೈಲು.

ದಂಡಕ್ಕಿಂತ ದೊಡ್ಡದು ಬೇರೆ ಇದೆ. ಹಿಂದೆ ಹೊಗೆ ಗಾಡಿ ದೂರದಿಂದಲೇ ಕಾಣುತ್ತಿತ್ತು, ಕೇಳುತ್ತಿತ್ತು. ಈಗಿನ ಕರೆಂಟ್ ಗಾಡಿ ಹತ್ತಿರ ಬರುವ ತನಕ ಗೊತ್ತಾಗುವುದಿಲ್ಲ. ಮೊದಲು ಒಂದು ಹಳಿ, ಈಗ ಎರಡು. ಹೊಟಗಿಯಿಂದ ಕಲಬುರಗಿ ತನಕ ಜೋಡಿ ಹಳಿ ಆದದ್ದು ಈಚೆಗೆ. ಒಂದು ಗಾಡಿ ಹೋಯಿತು ಅಂತ ದಾಟಿದವರಿಗೆ ಎರಡನೇದು ಕಾಣುವುದಿಲ್ಲ. ಗ್ಯಾಂಗಿನಲ್ಲಿ ಇದ್ದಾಗ ಅಂಥ ದೇಹಗಳನ್ನು ನಾವೇ ಎತ್ತಿದ್ದೇವೆ. ಅದನ್ನು ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಮೊಮ್ಮಗ ಟೈಪ್ ಮಾಡುತ್ತಿದ್ದಾನೆ.

ನಡೆಯುವವರಿಗೆ ಅಲ್ಲೇ, ಈಗ ಗೇಟ್ ಇರುವ ಜಾಗದಲ್ಲೇ, ದಾರಿ ಬೇಕು. ಅರ್ಧ ಕಿಲೋಮೀಟರ್ ಆಚೆ ಮಾಡಿದರೆ ಯಾರೂ ಹೋಗುವುದಿಲ್ಲ.

ದಾರಿ ಬಿಡಿ:

ಕಾಕಾ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ಆಟೋದ ಬಗ್ಗೆ ಮಾತ್ರ ಯೋಚಿಸಿದ್ದೆ. ಅವತ್ತು ಅಕ್ಕನ ಹತ್ತಿರ ಓಡಿ ಬಂದ ಇಬ್ಬರು ಹೆಂಗಸರು ನಡೆದು ಹೋಗುವವರೇ ಆಗಿದ್ದರು.

ಏನು ಮಾಡೋಣ ಹೇಳಿ, ನಾನು ಬರುತ್ತೇನೆ.

ಸಿವಿಲ್ ಹುಡುಗ:

ಅರ್ಜಿ ಕೊಡುವುದಾದರೆ ಜೊತೆಗೆ ಲೆಕ್ಕ ಇರಬೇಕು. ಬಾಯಿ ಮಾತಿಗೆ ಬೆಲೆ ಸಿಗುವುದಿಲ್ಲ. ನಾವೇ ಎಣಿಸೋಣ. ಬೆಳಗಿನ ಆರರಿಂದ ರಾತ್ರಿ ಎಂಟರ ತನಕ. ವಾಹನ ಬೇರೆ, ನಡೆಯುವವರು ಬೇರೆ, ಸೈಕಲ್ ಬೇರೆ. ತಲೆ ಮೇಲೆ ಹೊರೆ ಇದ್ದವರದು ಇನ್ನೊಂದು ಸಾಲು, ಸಾಲಿ ಮಕ್ಕಳದು ಇನ್ನೊಂದು. ಒಂದು ಮಾಮೂಲಿ ದಿನ, ಒಂದು ಸಂತೆಯ ದಿನ. ಹಳಿಯ ಮೇಲೆ ಯಾರೂ ನಿಲ್ಲಬಾರದು, ಸಡಕಿನ ಪಕ್ಕ ಮರದ ಕೆಳಗೆ ಕೂತು ಎಣಿಸಬೇಕು. ನನ್ನ ಗೆಳೆಯರು ನಾಲ್ಕು ಜನ ಬರುತ್ತಾರೆ. ಹಾಳೆ ನಾನು ಮಾಡಿ ತರುತ್ತೇನೆ.

ವಾಡಿ ಜಂಕ್ಷನ್:

ಲೆಕ್ಕ ಆದ ಮೇಲೆ ಅರ್ಜಿ ಸೋಲಾಪುರದ ವಿಭಾಗ ಕಚೇರಿಗೆ ಒಂದು ಪ್ರತಿ, ಜಿಲ್ಲಾಧಿಕಾರಿಗಳಿಗೆ ಒಂದು, ಸಂಸದರಿಗೆ ಒಂದು. ಕನ್ನಡದಲ್ಲಿ ಬರೆಯಿರಿ, ಹಿಂದಿ ಮತ್ತು ಇಂಗ್ಲಿಷ್ ಪ್ರತಿ ನಾನು ಮಾಡಿಕೊಡುತ್ತೇನೆ. ಸೋಲಾಪುರಕ್ಕೆ ನಾನೇ ಹೋಗಿ ಕೊಟ್ಟು ಸ್ವೀಕೃತಿ ತರುತ್ತೇನೆ.

ಸ್ಟೇಷನ್ ಬಜಾರ್:

ನಮ್ಮ ಮುತ್ತಜ್ಜನ ಹಮಾಲಿ ಬಿಲ್ಲೆ ಮನೆಯಲ್ಲಿ ಇದೆ. ಹಿತ್ತಾಳೆಯದು, ನಂಬರ್ ಸವೆದು ಹೋಗಿದೆ, ಬೆರಳಿಗೆ ಮಾತ್ರ ತಿಳಿಯುತ್ತದೆ. ಒಂದೆರಡು ಹಳೆ ರಟ್ಟಿನ ಟಿಕೆಟ್ ಕೂಡ ಇವೆ. ವಹಿಗೆ ಫೋಟೋ ತೆಗೆದು ಕೊಡುತ್ತೇನೆ ಅಕ್ಕಾ. ಎಣಿಕೆಯ ದಿನ ಮಧ್ಯಾಹ್ನದ ಪಾಳಿ ನನಗಿರಲಿ. ಬಿಸಿಲಿನಲ್ಲಿ ಹುಡುಗರನ್ನು ಕೂರಿಸುವುದು ಬೇಡ.

ತೊಗರಿ ಹೊಲ:

ಸಂತೆಯ ದಿನ ನಮ್ಮ ಊರಿನಿಂದ ಹತ್ತು ಜನ. ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ನಮ್ಮದು. ಹೇರಿದ ಟ್ರ್ಯಾಕ್ಟರೂ ತರುತ್ತೇನೆ, ಎತ್ತರ ಅಳೆದುಕೊಳ್ಳಿ.

ಫಾಟಕದಾಚೆ:

ನಿಮಗೆಲ್ಲ ಏನು ಹೇಳಲಿ, ಕಣ್ಣು ತುಂಬಿ ಬಂತು.

ಹಾಗಾದರೆ ಬುಧವಾರ ಒಂದು ದಿನ, ಸಂತೆಗೆ ಇನ್ನೊಂದು ದಿನ. ಬೆಳಗಿನ ಆರಕ್ಕೆ ಮರದ ಕೆಳಗೆ ನಾನಿರುತ್ತೇನೆ. ಅರ್ಜಿಯಲ್ಲಿ ಮೂರು ಮಾತು. ಸೇತುವೆ ಬೇಗ ಆಗಲಿ. ನಡೆಯುವವರಿಗೆ ಗೇಟ್ ಇರುವ ಜಾಗದಲ್ಲೇ, ನೀರು ನಿಲ್ಲದ, ರಾತ್ರಿ ದೀಪ ಇರುವ ದಾರಿ ಆಗಲಿ. ಅದು ಆಗುವ ತನಕ ಗೇಟ್ ಮುಚ್ಚಬಾರದು.

ಈಗಷ್ಟೇ ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ಸುಮ್ಮನೆ ಕೇಳಿದಳು. ಆಮೇಲೆ ಗೋಡೆಗೆ ಒರಗಿಸಿದ ಹಳೆ ಬುಟ್ಟಿ ತೋರಿಸಿ, ಎಣಿಕೆಯ ದಿನ ತಾನೂ ಬರುತ್ತೇನೆ ಅಂದಳು. ನಡೆಯಲು ಆಗುವುದಿಲ್ಲ ಅವ್ವಾ ಅಂದೆ. "ಆಟೋದಾಗ ಕರ್ಕೊಂಡು ಹೋಗು, ಫಾಟಕಿನ್ಯಾಗ ಇಳಸು. ಒಂದು ಸಲ ದಾಟ್ತೀನಿ. ಆ ಹುಡ್ಗಗ ಬರ್ಕೋ ಅಂತ ಹೇಳು" ಅಂದಳು.

ಸಿವಿಲ್ ಹುಡುಗ, ತಲೆ ಮೇಲೆ ಹೊರೆ ಇದ್ದವರ ಸಾಲಿನಲ್ಲಿ ಮೊದಲನೇ ಗೆರೆ ಖಾಲಿ ಬಿಡಪ್ಪಾ.